ಹಾಳೆಯ ಬೆನ್ನು

"ನೋಡೇ, ಬಾಲ್ ಪೆನ್ನಿಗೆ ಒಬ್ಬ ಪೇಟೆಂಟ್ ಅರ್ಜಿ ಹಾಕಿದ್ದು ಇವತ್ತಂತೆ," ಎಂದು ಅತ್ತೆ ನಡುಮನೆಯ ಗೋಡೆಯ ಮೇಲಿನ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಹತ್ತಿರದಿಂದ ಹೇಳಿದಾಗ ಅವಳು ಕನ್ನಡಿಯ ಮುಂದೆ ನಿಂತು, ಹಲ್ಲಿನಲ್ಲಿ ಹೇರ್‌ಪಿನ್ ಕಚ್ಚಿಕೊಂಡು, ಹನ್ನೊಂದು ಗಂಟೆಗೆ ಪ್ರೆಸ್ಸಿನ ಮೀಟಿಂಗಿನಲ್ಲಿ ಹೇಳಬೇಕಾದ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದಳು. 'ಯಜಮಾನರೇ, ಇಷ್ಟು ವರ್ಷ' ಎಂದು ಶುರುಮಾಡಿದರೆ ಅಳುಮುಂಜಿಯ ಹಾಗಾಗುತ್ತದೆ, 'ನೋಡಿ, ಜನ ಓದ್ತಾರೆ' ಎಂದರೆ ಜಗಳಗಂಟಿಯ ಹಾಗಾಗುತ್ತದೆ. ಅತ್ತೆಯ ಮಾತಿಗೆ ಹೂಂಗುಟ್ಟಿ ಪಿನ್ನನ್ನು ತಲೆಗೆ ಸಿಕ್ಕಿಸಿದಳು. ಸಿಕ್ಕಿಸಿದ ಕೈ ಅಲ್ಲೇ ನಿಂತಿತು. ಇವತ್ತು ಜೂನ್ ಹನ್ನೊಂದು. ಬಾಲ್ ಪೆನ್ನು ಹತ್ತರದು. ಆ ನಾಲ್ಕು ಸಾಲು ಬರೆದವಳು ಇವಳೇ. ತಾರೀಖು ತಪ್ಪಿ ಅಚ್ಚಾಯಿತೇ ಎಂದು ಅರ್ಧ ಹೆಣೆದ ಜಡೆಯಲ್ಲೇ ನಡುಮನೆಗೆ ಬಂದಳು.

"ಅತ್ತೆ, ಅದು ನಿನ್ನೇದು."

"ನಿನ್ನೇದು ಹೆಂಗಾಗತ್ತೆ? ಈಗ ತಾನೆ ಹರಿದೆ. ಒಲೆ ಮೇಲಿಂದ ಇಳಿಸಿದ ಹಾಗೆ ಬಿಸಿಬಿಸಿ ಇದೆ," ಎಂದು ಅತ್ತೆ ಹಾಳೆಯನ್ನು ಚಾಚಿದರು.

ಹಾಳೆಯ ಮುಖದ ಮೇಲೆ ಗುಂಡಗೆ ಹತ್ತು. ತಿರುಗಿಸಿದರೆ ಬೆನ್ನಿನ ಮೇಲೆ ಅವಳ ನಾಲ್ಕು ಸಾಲು: 'ಇದೇ ದಿನ, 1943ರಲ್ಲಿ…' ಅಚ್ಚಿನಲ್ಲಿ ಏನೂ ತಪ್ಪಿರಲಿಲ್ಲ. ಹತ್ತರ ಹಾಳೆಯ ಹಿಂದೆ ಹತ್ತರ ಸಂಗತಿಯೇ ಇತ್ತು. ಆದರೆ ಹತ್ತರ ಹಾಳೆ ಹತ್ತನೇ ತಾರೀಖು ಪೂರ್ತಿ ಗೋಡೆಗೆ ಬೆನ್ನು ಕೊಟ್ಟು ನೇತಾಡಿಕೊಂಡಿರುತ್ತದೆ. ಹನ್ನೊಂದರ ಬೆಳಿಗ್ಗೆ ಯಾರೋ ಅದನ್ನು ಹರಿಯುತ್ತಾರೆ, ಆಗ ಬೆನ್ನು ಕಾಣುತ್ತದೆ, 'ಇದೇ ದಿನ' ಎಂದು ಓದುತ್ತಾರೆ, ಇದೇ ದಿನ ಎಂದರೆ ಇವತ್ತೇ ಎಂದುಕೊಳ್ಳುತ್ತಾರೆ. ಮತ್ತೇನು ಅಂದುಕೊಳ್ಳಬೇಕು, ಪಾಪ? ಅವಳಿಗೆ ಕೂರಬೇಕೆನಿಸಿತು. ಕೂರಲು ಕುರ್ಚಿಯ ಮೇಲೆ ಇಸ್ತ್ರಿ ಮಾಡಬೇಕಾದ ಬಟ್ಟೆಯ ರಾಶಿ ಇತ್ತು. ಅದರ ಮೇಲೆಯೇ ಕೂತಳು.

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಹತ್ತಿರ ಹತ್ತಿರ ಇಪ್ಪತ್ತು ವರ್ಷದಿಂದ ಈ ಕ್ಯಾಲೆಂಡರಿನ ಒಂದೊಂದು ದಿನದ ಬೆನ್ನಿಗೂ ಅವಳು ಬರೆದಿದ್ದಾಳೆ. ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ತಾರೀಖಕ್ಕ ಎಂದೇ ಕರೆಯುವುದು. ಆದರೆ ಅವಳು ಒಂದು ದಿನವೂ ಒಂದು ಹಾಳೆಯನ್ನೂ ಹರಿದವಳಲ್ಲ. ಅವಳ ಮೇಜಿಗೆ ಬರುವುದು ಪ್ರೂಫು; ಎಡಕ್ಕೆ ಮುಖ, ಬಲಕ್ಕೆ ಬೆನ್ನು, ಎರಡೂ ಅಕ್ಕತಂಗಿಯರ ಹಾಗೆ ಪಕ್ಕಪಕ್ಕದಲ್ಲಿ. ಹತ್ತು ಅಂದರೆ ಹತ್ತು, ಸರಿ ಇದೆ, ಮುಂದಿನದು. ಮನೆಯಲ್ಲಿ ಹರಿಯುವ ಕೆಲಸ ಅತ್ತೆಯದು. ಅವರು ಸ್ನಾನ ಮುಗಿಸಿ ಕನ್ನಡಕ ಒರೆಸಿಕೊಂಡು ಬರುವ ಹೊತ್ತಿಗೆ ಅವಳು ಪ್ರೆಸ್ಸಿನಲ್ಲಿರುತ್ತಾಳೆ; ಇವತ್ತು ಮೀಟಿಂಗಿಗೆಂದು ತಡವಾಗಿ ಹೊರಟಿದ್ದಕ್ಕೇ ಇದು ಕಿವಿಗೆ ಬಿದ್ದದ್ದು. ರಜದ ದಿನ ಅವಳು ಏಳುವಷ್ಟರಲ್ಲಿ ಅತ್ತೆ ಹರಿದು, ಓದಿ, ಹಾಳೆಯನ್ನು ಮಡಚಿ ಯಾವುದೋ ಡಬ್ಬಿಯ ಮುಚ್ಚಳಕ್ಕೆ ಬಿಗಿಯಾಗಲೆಂದು ಸುತ್ತಿಯಾಗಿರುತ್ತದೆ. ಅಡುಗೆಯವನಿಗೆ ಊಟ ರುಚಿಸುವುದಿಲ್ಲವಂತೆ, ಹಾಗೆ ಅವಳಿಗೂ ಮನೆಯಲ್ಲಿ ಕ್ಯಾಲೆಂಡರಿನ ಕಡೆ ಕತ್ತೆತ್ತಿ ನೋಡುವ ಮನಸ್ಸಿರಲಿಲ್ಲ. ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಮೊದಲು ಬೆನ್ನಿನ ಮೇಲೂ ಸಣ್ಣದಾಗಿ ತಾರೀಖು ಹಾಕುತ್ತಿದ್ದರು. ಮುಖದ ಮೇಲೆ ಅಷ್ಟು ದೊಡ್ಡ ಅಂಕಿ ಇರುವಾಗ ಹಿಂದೆ ಮತ್ತೆ ಯಾಕೆ, ಅರ್ಧ ಸಾಲು ಉಳಿಯುತ್ತದೆ ಎಂದು ಅದನ್ನು ತೆಗೆಸಿ 'ಇದೇ ದಿನ' ಎಂದು ಹಾಕಿಸಿದವಳು ಇವಳು. ಆಗ ಪ್ರೆಸ್ಸಿನ ಯಜಮಾನರು ಭೇಷ್ ಅಂದಿದ್ದರು.

"ಅತ್ತೆ, ಇಷ್ಟು ವರ್ಷ ನಿಮಗೆ ಇದು ಗೊತ್ತೇ ಆಗ್ಲಿಲ್ವಾ?"

"ಏನು ಗೊತ್ತಾಗ್ಬೇಕಿತ್ತು? ನೀನು ಬರೀತೀಯ, ನಾನು ಓದ್ತೀನಿ. ನೀನೇ ಇವತ್ತು ಅಂದ್ಮೇಲೆ ನಾನ್ಯಾಕೆ ನಿನ್ನೆ ಅನ್ಲಿ?" ಎಂದು ಅತ್ತೆ ಅವಳ ಜಡೆಯನ್ನು ನೋಡಿದರು. "ಅರ್ಧ ಕೂದಲು ಬಿಟ್ಕೊಂಡು ಹೋಗ್ತೀಯಾ ಮೀಟಿಂಗಿಗೆ? ಬಾ ಇಲ್ಲಿ."

ಬೇರೆ ದಿನವಾಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಇವತ್ತಿನ ಮೀಟಿಂಗೇ ಆ ಬೆನ್ನಿನದು. ಯಜಮಾನರಿಗೆ ವಯಸ್ಸಾಯಿತು, ಲೆಕ್ಕಾಚಾರವೆಲ್ಲ ಈಗ ಅವರ ಅಳಿಯನ ಕೈಯಲ್ಲಿದೆ. ಅಳಿಯ ಕೆಟ್ಟವನಲ್ಲ, ಅಕ್ಕ ಎಂದೇ ಮಾತಾಡಿಸುತ್ತಾನೆ, ಕುರ್ಚಿ ಎಳೆದು ಕೊಡುತ್ತಾನೆ. ಹೋದ ವಾರ ಹಾಗೆ ಕುರ್ಚಿ ಎಳೆದು ಕೊಟ್ಟೇ ಹೇಳಿದ: "ಅಕ್ಕ, ಬೇಜಾರು ಮಾಡ್ಕೋಬೇಡಿ. ಹಿಂಬದಿ ಯಾರೂ ಓದಲ್ಲ. ಮುಂದಿನ ವರ್ಷ ಅಲ್ಲಿ ಮಂಡಿನೋವಿನ ಮುಲಾಮು, ಕೂದಲಿಗೆ ಹಚ್ಚೋ ಬಣ್ಣ, ಇಂಥ ಜಾಹೀರಾತು ಹಾಕೋಣ ಅಂತ. ನೀವು ಅದರ ಪ್ರೂಫು ನೋಡ್ಕೊಳ್ಳಿ ಸಾಕು." ಯಜಮಾನರು ಮಾತಿಲ್ಲದೆ ಕಿಟಕಿಯ ಕಡೆ ನೋಡುತ್ತಿದ್ದರು. ಹನ್ನೊಂದನೇ ತಾರೀಖು ಎಲ್ಲರನ್ನೂ ಕೂರಿಸಿ ಕೇಳೋಣ ಎಂದಷ್ಟೇ ಅಂದಿದ್ದರು. ಮುಲಾಮಿನ ಪ್ರೂಫು! ಮನುಷ್ಯ ಚಂದ್ರನ ಮೇಲೆ ಇಳಿದದ್ದನ್ನು ನಾಲ್ಕು ಸಾಲಿನಲ್ಲಿ ಇಳಿಸಿದ ಕೈ ಇದು. ವಾರವೆಲ್ಲ ಅವಳು ಊಟ ಸೇರದೆ, ಮಲಗಿದಲ್ಲಿ ಮಗ್ಗುಲು ಬದಲಿಸುತ್ತ, ಒಂದೊಂದು ವಾದವನ್ನು ಕಲೆಹಾಕಿದ್ದಳು. ಲಿಫ್ಟ್ ರಿಪೇರಿಯವನಾದ ಗಂಡ, "ಹೋಗ್ಲಿ ಬಿಡೇ, ಮೇಲೆ ಹೋಗೋದು ಕೆಳಗೆ ಬರೋದು ಇದ್ದದ್ದೇ," ಎಂದು ಸಮಾಧಾನ ಹೇಳಲು ಬಂದು ಬೈಸಿಕೊಂಡಿದ್ದ. ಈಗ ನೋಡಿದರೆ ಕಲೆಹಾಕಿದ ವಾದವೆಲ್ಲ ನೀರುಪಾಲು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗೆ ದಿನ ಮುಗಿದ ಮೇಲೆ ದಿನದ ಮಹತ್ವ ಹೇಳುತ್ತಿದ್ದವಳು ತಾನು. ಇದನ್ನು ಅಳಿಯನ ಕಿವಿಗೆ ಹಾಕಿದರೆ ಅವನ ಕೆಲಸ ಅರ್ಧ ಮುಗಿದ ಹಾಗೆ. ಹಾಕದಿದ್ದರೆ ಮುಂದಿನ ವರ್ಷವೂ ಇದೇ ತಪ್ಪು, ಅದೂ ಈಗ ಗೊತ್ತಿದ್ದೂ ಗೊತ್ತಿದ್ದೂ.

ಬೀದಿಗಿಳಿದಳು. ದಿನಾ ನಡೆಯುವ ಬೀದಿಯೇ, ಆದರೆ ಇವತ್ತು ಅಂಗಡಿಗಳ ಒಳಗೋಡೆಯ ಮೇಲೆಲ್ಲ ಅವಳ ಕ್ಯಾಲೆಂಡರು ಎದ್ದು ಕಾಣುತ್ತಿತ್ತು. ಕ್ಷೌರದಂಗಡಿಯವನು ಹರಿದ ಹಾಳೆಯ ಮೇಲೆ ಸೋಪಿನ ನೊರೆಯನ್ನು ಒರೆಸಿದ. ನೊರೆಯ ಕೆಳಗೆ ತನ್ನ ಬಾಲ್ ಪೆನ್ನು ಇದೆ ಎಂದು ಅವಳಿಗೆ ಗೊತ್ತಿತ್ತು. ಔಷಧಿಯಂಗಡಿಯಲ್ಲಿ ಇನ್ನೂ ಮೇ ತಿಂಗಳು. ಎದುರು ಬಂದ ಹೆಂಗಸೊಬ್ಬಳು ಚೀಲದ ಜಿಪ್ಪನ್ನು ಸರ್ರನೆ ಎಳೆದಳು. ಏಪ್ರಿಲ್ ಇಪ್ಪತ್ತೊಂಬತ್ತು, 1913. ಇದು ಅವಳ ಹಳೆಯ ಕಾಯಿಲೆ. ಕಣ್ಣಿಗೆ ಬಿದ್ದ ವಸ್ತುವಿನ ಹಿಂದೆಯೇ ಅದರ ತಾರೀಖು ಬಾಲದ ಹಾಗೆ ಬರುತ್ತದೆ. ಪಿನ್ನು ಚುಚ್ಚಿದರೆ ಅಯ್ಯೋ ಎನ್ನುವ ಮೊದಲು ಏಪ್ರಿಲ್ ಹತ್ತು ಎನ್ನುವ ಬಾಯಿ. ಗಂಡನ ಅಣ್ಣ ನೆಂಟರ ನಡುವೆ ಒಮ್ಮೆ, "ಪ್ರಪಂಚದ ಸೂಜಿ-ಪಿನ್ನು ಎಲ್ಲದರ ಹುಟ್ಟುಹಬ್ಬ ಇವಳಿಗೆ ಗೊತ್ತು, ಕಟ್ಟಿಕೊಂಡ ಗಂಡಂದು ಮಾತ್ರ ಮರೆತುಹೋಗತ್ತೆ," ಎಂದು ಎಲ್ಲರನ್ನೂ ನಗಿಸಿದ್ದರು. ಅವಳೂ ನಕ್ಕಿದ್ದಳು. ಮರೆತದ್ದು ನಿಜವಾಗಿತ್ತು. ಆ ನಗುವಿನ ಉಪ್ಪು ಈಗಲೂ ನಾಲಿಗೆಯ ಮೇಲಿದೆ.

ಶಾಲೆಯ ಗೇಟಿನ ಪಕ್ಕದ, ದಿನಾ ನೋಡದೆ ದಾಟುತ್ತಿದ್ದ ಕರಿಹಲಗೆಯ ಮುಂದೆ ಅವಳ ಕಾಲು ತಾನಾಗಿ ನಿಂತಿತು. 'ಇಂದಿನ ವಿಶೇಷ' ಎಂದು ಗೆರೆ ಎಳೆದು, ಅದರ ಕೆಳಗೆ ಮುದ್ದಾದ ಅಕ್ಷರದಲ್ಲಿ ಬಾಲ್ ಪೆನ್ನಿನ ಸಂಗತಿ, ಅವಳದೇ ಮಾತು, ಒಂದಕ್ಷರ ಆಚೀಚೆ ಇಲ್ಲದೆ. ಬರೆದ ಮೇಡಂ ಕೈಯ ಸುಣ್ಣ ಕೊಡವಿಕೊಳ್ಳುತ್ತ ದೂರ ನಿಂತು ಅಕ್ಷರ ಸೊಟ್ಟವಾಯಿತೇ ಎಂದು ನೋಡುತ್ತಿದ್ದರು. ಎಷ್ಟು ವರ್ಷದಿಂದಲೋ! ಇಲ್ಲಿ ಕಲಿತು ಹೋದ ಮಕ್ಕಳೆಲ್ಲ ಒಂದು ದಿನ ಹಿಂದಕ್ಕೆ ಬಿದ್ದು ದೊಡ್ಡವರಾದರೇ? ಹೇಳಿಬಿಡಲೇ ಎಂದು ಬಾಯಿ ತೆರೆದಳು. ಮೇಡಂ ನಕ್ಕು, "ಏನಾದ್ರೂ ಬೇಕಿತ್ತಾ?" ಎಂದರು. "ಇಲ್ಲ, ಅಕ್ಷರ ಚೆನ್ನಾಗಿದೆ," ಎಂದು ಅವಳು ಸರಸರನೆ ನಡೆದಳು. ಪೆನ್ಸಿಲ್ಲು ಹಿಡಿದ ಮಕ್ಕಳ ಸಾಲೊಂದು ಎದುರಿಗೆ ಬಂತು, ಪೆನ್ಸಿಲ್ಲುಗಳ ತುದಿಯಲ್ಲಿ ಗುಲಾಬಿ ರಬ್ಬರು. ವರ್ಷಗಳ ಹಿಂದೆ ಅಪ್ಪ ತೀರಿಕೊಂಡ ದಿನ ಆಸ್ಪತ್ರೆಯಲ್ಲಿ ಅವನ ಹಾಸಿಗೆಯ ಪಕ್ಕ ನಿಂತ ಡಾಕ್ಟರ ಜೇಬಿನಲ್ಲೂ ಅಂಥದ್ದೇ ಒಂದಿತ್ತು. ಕಾಗದಕ್ಕೆ ಸಹಿ ಹಾಕುವ ಮುಂಚೆ ಅವರು, "ಇವತ್ತೆಷ್ಟು ತಾರೀಖು?" ಎಂದು ಯಾರಿಗೆಂದಿಲ್ಲದೆ ಕೇಳಿದರು. ಮಾರ್ಚ್ ಮೂವತ್ತು ಎಂದವಳು ಇವಳು. ಹೇಳಿದ ಉಸಿರಿನಲ್ಲೇ, ಕಣ್ಣಿಗೆ ನೀರು ಬರುವ ಮೊದಲೇ, ಪೆನ್ಸಿಲ್ಲಿನ ತುದಿಗೆ ರಬ್ಬರು ಅಂಟಿಸಿ ಪೇಟೆಂಟು ಪಡೆದ ದಿನ ಎಂದು ಮನಸ್ಸು ನುಡಿದಿತ್ತು. ತುಟಿಯೂ ಅಲುಗಿರಬೇಕು. "ಏನೋ ಅಂದ್ಯಲ್ಲ?" ಎಂದು ತಮ್ಮ ಕೇಳಿದ. ಏನಿಲ್ಲ ಎಂದಳು. ಅಪ್ಪ ಕಣ್ಣು ಮುಚ್ಚಿದ ಗಳಿಗೆಯಲ್ಲಿ ರಬ್ಬರು ನೆನಪಾದ ಮಗಳು ಎಂಥ ಮಗಳು ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ, ಒಮ್ಮೆಯೂ ಉತ್ತರ ಬಂದಿಲ್ಲ. ಆದರೂ ಪ್ರತಿ ವರ್ಷ ಮಾರ್ಚ್ ಮೂವತ್ತರ ಬೆನ್ನಿಗೆ ರಬ್ಬರನ್ನೇ ಬರೆದಳು, ಬೇರೆ ಹಾಕಿದರೆ ತಾರೀಖಿಗೆ ಮೋಸ ಮಾಡಿದ ಹಾಗೆ. ಈಗ ಮೊದಲ ಬಾರಿಗೆ ಹೊಳೆಯಿತು: ಮನೆಯಲ್ಲಿ ಆ ಹಾಳೆ ಬಿಡಿಸಿಕೊಳ್ಳುತ್ತಿದ್ದುದು ಮೂವತ್ತೊಂದಕ್ಕೆ. ಮೂವತ್ತನೇ ತಾರೀಖು ಇಷ್ಟೂ ವರ್ಷ ಅಪ್ಪನೊಬ್ಬನದೇ ಆಗಿತ್ತು. ಅಷ್ಟರಮಟ್ಟಿಗೆ ತಪ್ಪೂ ಕರುಣೆ ತೋರಿಸಿದೆ. ಬೀದಿಯಲ್ಲಿ ಅಳುವುದು ಬೇಡವೆಂದು ಅವಳು ಮೂಗು ಒರೆಸಿಕೊಂಡಳು.

ಪ್ರೆಸ್ಸಿನ ಬಾಗಿಲಲ್ಲೇ ಇಂಕಿನ ವಾಸನೆ, ಗೋಂದಿನ ವಾಸನೆ. ಹಾಳೆಗಳನ್ನು ಅಟ್ಟಿ ಮಾಡಿ ಮೇಲ್ತುದಿಗೆ ಅಂಟು ಬಳಿಯುವ ಹೆಂಗಸನ್ನು ಎಲ್ಲರೂ ಗೋಂದಮ್ಮ ಎನ್ನುತ್ತಾರೆ. ಅವಳ ಬೆರಳಿನ ತುದಿ ಸದಾ ಬೆಳ್ಳಗೆ ಸುಲಿಯುತ್ತಿರುತ್ತದೆ. "ಯಾಕಕ್ಕ, ಮುಖ ಹಿಂಡಿದ ನಿಂಬೆಹಣ್ಣಾಗಿದೆ?" ಎಂದಳು. ಅಚ್ಚಿನ ಯಂತ್ರ ನಡೆಸುವ ಮೆಷಿನ್ ಮಾವ, "ಹೆದರ್ಕೋಬೇಡ ತಾರೀಖಕ್ಕ. ನಾವೆಲ್ಲ ಇದ್ದೀವಲ್ಲ," ಎಂದು ಬಟ್ಟೆಯಲ್ಲಿ ಕೈ ಒರೆಸಿಕೊಂಡ. ನಾವೆಲ್ಲ ಇದ್ದೀವಿ ಎಂಬ ಮಾತಿಗೇ ಅವಳಿಗೆ ಹೆದರಿಕೆ ಹೆಚ್ಚಾಯಿತು. ಇವರೆದುರು, ಇವರ ಯಂತ್ರದಲ್ಲಿ, ಇವರ ಗೋಂದಿನಲ್ಲಿ ಇಷ್ಟು ವರ್ಷ ತಪ್ಪು ಅಚ್ಚು ಹಾಕಿಸಿದ್ದೇನೆ ಎಂದು ಹೇಗೆ ಹೇಳುವುದು?

ಯಜಮಾನರ ಕೋಣೆಯಲ್ಲಿ ಐದು ಕುರ್ಚಿ, ಒಂದು ಸ್ಟೂಲು. ಗೋಡೆಯ ಮೇಲೆ ಅವರದೇ ಕ್ಯಾಲೆಂಡರು, ಹನ್ನೊಂದು ತೋರಿಸುತ್ತ ನೇತಾಡುತ್ತಿತ್ತು. ಯಜಮಾನರು, ಅಳಿಯ, ಲೆಕ್ಕದವರು, ಗೋಂದಮ್ಮ, ಇವಳು ಕೂತರು. ಸ್ಟೂಲಿನ ಮೇಲೆ ಮೆಷಿನ್ ಮಾವ. ಅಳಿಯ, ಹಿಂಬದಿಗೆ ಈ ವರ್ಷದ ಸಂಗತಿಗಳೇ ಇದ್ದ ಮುಂದಿನ ವರ್ಷದ ಜೂನ್ ತಿಂಗಳ ಪ್ರೂಫನ್ನು ಮಡಿಲಿನಲ್ಲಿಟ್ಟುಕೊಂಡು ಮೃದುವಾಗಿಯೇ ಶುರುಮಾಡಿದ. ಕಾಗದದ ಬೆಲೆ ಏರಿದೆ, ಜಾಗ ಸುಮ್ಮನೆ ಬಿಡುವಂತಿಲ್ಲ, ಮುಲಾಮಿನವರು ಕಾಯುತ್ತಿದ್ದಾರೆ. ಇವಳ ತಲೆಯೊಳಗೆ ತಿದ್ದಿಟ್ಟ ವಾಕ್ಯಗಳೆಲ್ಲ ಎದ್ದು ಹೊರಟುಹೋಗಿದ್ದವು. ಬಾಯಿ ಬಿಟ್ಟರೆ ಆ ಒಂದೇ ಮಾತು ಬರುತ್ತದೆ, ಆದ್ದರಿಂದ ಬಾಯಿ ಬಿಡಬಾರದು ಎಂದು ಹಲ್ಲು ಕಚ್ಚಿ ಕೂತಿದ್ದಳು.

"ನಾನು ಹೇಳೋದು ಬೇಡ," ಎಂದ ಅಳಿಯ. "ಇಲ್ಲೇ ನೋಡೋಣ. ಇದನ್ನ ಮಾಡೋರು ನಾವೇ, ಎಲ್ಲರ ಮನೇಲೂ ಒಂದೊಂದು ಪ್ರತಿ ಇದೆ. ಇವತ್ತಿನ ತಾರೀಖಿಗೆ ಹಿಂಬದಿಯಲ್ಲಿ ಏನು ಬರೆದಿದೆ, ಹೇಳಿ. ಅಕ್ಕನ್ನ ಬಿಟ್ಟು. ಮೆಷಿನ್ ಮಾವ?"

"ಬಾಲ್ ಪೆನ್ನು," ಎಂದ ಮೆಷಿನ್ ಮಾವ, ಯೋಚಿಸದೆ. "ಗಡ್ಡ ಕೆರೀತಾ ಓದ್ದೆ. ಇಂಕು ಸೋರದ ಪೆನ್ನು ಮಾಡ್ಬೇಕು ಅಂತ ಪಾಪ ಎಷ್ಟು ಒದ್ದಾಡಿದ್ದಾನೆ. ನನಗಂತೂ ಇಂಕಿನ ಕಷ್ಟ ಗೊತ್ತು."

"ಗೋಂದಮ್ಮ?"

"ನಂಗೆ ಓದಕ್ಕೆ ಕಣ್ಣು ಕಾಣಲ್ಲ. ಮಗಳು ಓದ್ತಾಳೆ, ನಾನು ತಿಂಡಿ ಮಾಡ್ತಾ ಕೇಳ್ತೀನಿ. ಅದೇ, ಪೆನ್ನಿಂದೇ."

ಯಜಮಾನರು ಕೆಮ್ಮಿದರು. "ನನಗೂ ಪೆನ್ನೇ ಬಂದಿದ್ದು. ಬೆಳಿಗ್ಗೆ ವಾಕಿಂಗಿನಲ್ಲಿ ಎಲ್ಲರಿಗೂ ಹೇಳ್ದೆ."

ಲೆಕ್ಕದವರು ಮಾತ್ರ ಮುಜುಗರದಿಂದ ಕುರ್ಚಿಯಲ್ಲಿ ಸರಿದಾಡಿದರು. "ನಮ್ಮ ಮನೇಲಿ ಎಲ್ಲಕ್ಕಿಂತ ಎತ್ತರದ ಶಿಖರ ಹತ್ತಿದ ದಿನ ಇವತ್ತು. ಅಂದ್ರೆ, ನಾನು ದಿನಾ ಹರಿಯಲ್ಲ. ಮರೆತುಹೋಗತ್ತೆ. ಆದ್ರೆ ಹರಿದಾಗೆಲ್ಲ ಓದ್ತೀನಿ."

ಅಳಿಯ ಪ್ರೂಫಿನ ಮೇಲೆ ಬೆರಳಿಟ್ಟು ಯಜಮಾನರ ಕಡೆ ನೋಡಿ ನಕ್ಕ. ಆ ನಗುವಿನಲ್ಲಿ ವಿಷವಿರಲಿಲ್ಲ, ಗೆದ್ದ ಆಟಗಾರನ ಸಮಾಧಾನವಿತ್ತು. "ನೋಡಿದ್ರಾ ಮಾವ? ಜೂನ್ ಹನ್ನೊಂದು, ಸಮುದ್ರದಲ್ಲಿ ಹಡಗೊಂದು ಹವಳದ ದಿಬ್ಬಕ್ಕೆ ಬಡಿದ ದಿನ. ಇಲ್ಲಿ ಸ್ಪಷ್ಟವಾಗಿದೆ. ಪೆನ್ನು ನಿನ್ನೇದು. ಒಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಮಾಡೋರೇ ಓದಲ್ಲ ಅಂದ್ಮೇಲೆ ಕೊಳ್ಳೋರು ಯಾಕೆ ಓದ್ತಾರೆ?"

ಮೆಷಿನ್ ಮಾವ ಪೆಚ್ಚಾಗಿ ಅವಳ ಕಡೆ ನೋಡಿದ, ಸಹಾಯ ಮಾಡಲು ಹೋಗಿ ಕೆಡಿಸಿಬಿಟ್ಟೆನಲ್ಲ ಎಂಬ ನೋಟ. ಗೋಂದಮ್ಮ ಬೆರಳಿನ ಸಿಪ್ಪೆ ಸುಲಿಯತೊಡಗಿದಳು. ಯಜಮಾನರು ಮತ್ತೆ ಕಿಟಕಿಯ ಕಡೆ ತಿರುಗಿದರು, ಆ ತಿರುಗಾಟದಲ್ಲೇ ತೀರ್ಪು ಇತ್ತು. ಮುಗಿಯಿತು ಎಂದುಕೊಂಡಳು ಅವಳು. ಮುಲಾಮು, ಕೂದಲ ಬಣ್ಣ. ಸುಮ್ಮನಿದ್ದರೆ ತಪ್ಪಾದರೂ ತನ್ನ ಜೊತೆಗೇ ಮಣ್ಣಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ, ಮರ್ಯಾದೆಯಾದರೂ ಉಳಿಯುತ್ತದೆ. ಪೆನ್ನು, ಪೆನ್ನು, ಪೆನ್ನು ಎಂದು ಅವರ ದನಿಗಳು ಕಿವಿಯಲ್ಲಿ ಸುತ್ತುತ್ತಿದ್ದವು. ಗಡ್ಡ ಕೆರೆಯುತ್ತ ಒಬ್ಬ, ಒಲೆಯ ಮುಂದೆ ಒಬ್ಬಳು, ವಾಕಿಂಗಿನಲ್ಲಿ ಒಬ್ಬರು. ಅವಳಿಗೆ ಇದ್ದಕ್ಕಿದ್ದ ಹಾಗೆ ಹೊಳೆಯಿತು. ಎಲ್ಲರೂ ತಪ್ಪು ಹೇಳಿದರು. ಎಲ್ಲರೂ ಒಂದೇ ತಪ್ಪು ಹೇಳಿದರು. ಓದದವನಿಗೆ ಈ ತಪ್ಪು ಮಾಡಲು ಬರುವುದೇ ಇಲ್ಲ! ಓದದವನು ಗೊತ್ತಿಲ್ಲ ಅನ್ನುತ್ತಾನೆ, ತಲೆ ಕೆರೆಯುತ್ತಾನೆ, ಬಾಯಿಗೆ ಬಂದದ್ದು ಹೇಳುತ್ತಾನೆ. ಇವತ್ತು ಬೆಳಿಗ್ಗೆ ಹತ್ತರ ಹಾಳೆಯನ್ನು ಹರಿದು, ತಿರುಗಿಸಿ, ತನ್ನ ನಾಲ್ಕು ಸಾಲನ್ನು ಕೊನೆಯವರೆಗೆ ಓದಿದವನು ಮಾತ್ರ ಇಷ್ಟು ಖಂಡಿತವಾಗಿ ತಪ್ಪು ಹೇಳಬಲ್ಲ. ಖುಷಿ ಹೊಟ್ಟೆಯೊಳಗಿನಿಂದ ಎದ್ದು ಗಂಟಲಿಗೆ ಬಂತು. ಇಂಥ ಖುಷಿಯನ್ನು ಅವಳು ಮಗು ಹುಟ್ಟಿದಾಗ ಒಮ್ಮೆ ಕಂಡಿದ್ದಳು, ಆಮೇಲೆ ಇಲ್ಲ.

"ಎಲ್ಲರೂ ಓದಿದ್ದಾರೆ," ಎಂದು ಅವಳು ಎದ್ದು ನಿಂತಳು. ಎದ್ದದ್ದು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. "ಓದಿದ್ದಕ್ಕೇ ಎಲ್ಲರೂ ತಪ್ಪು ಹೇಳಿದ್ದು."

"ಅಂದ್ರೆ?" ಎಂದ ಅಳಿಯ.

"ನಿಮ್ಮ ಮನೇಲಿ ಈ ಕ್ಯಾಲೆಂಡರ್ ಇದೆಯಾ?"

ಅಳಿಯ ಯಜಮಾನರ ಕಡೆ ಕಳ್ಳನೋಟ ಬೀರಿದ. "ಫೋನಿನಲ್ಲಿ ನೋಡ್ಕೋತೀನಿ ಅಕ್ಕ."

"ಹಾಗಾದ್ರೆ ಬನ್ನಿ. ನಾಳೆ ಬೆಳಿಗ್ಗೆ ಆಯ್ತು ಅಂತ ಇಟ್ಕೊಳ್ಳಿ. ಎದ್ರಿ, ಮುಖ ತೊಳ್ಕೊಂಡ್ರಿ, ಗೋಡೆ ಹತ್ರ ಬಂದ್ರಿ. ಇವತ್ತಿನ ಹಾಳೆ ಹರೀರಿ."

ಅಳಿಯ ಎದ್ದು ಬಂದು ಹನ್ನೊಂದರ ಹಾಳೆಯನ್ನು ಜೋಪಾನವಾಗಿ, ಎಂದೂ ಹರಿದು ಗೊತ್ತಿಲ್ಲದವನ ಹಾಗೆ ಎರಡು ಕೈಯಿಂದ ಎಳೆದ. ಕೆಳಗಿನಿಂದ ಹನ್ನೆರಡು ಇಣುಕಿತು. ಅವನು ಹಾಳೆ ತಿರುಗಿಸಿದ. "ಇದೇ ದಿನ, 1770ರಲ್ಲಿ, ಹಡಗೊಂದು…" ಎಂದು ಓದಿ, ಗೋಡೆಯ ಹನ್ನೆರಡನ್ನು ನೋಡಿ, ಮತ್ತೆ ಹಾಳೆಯನ್ನು ನೋಡಿದ. "ಇದೇ ದಿನ ಅಂದ್ರೆ ಇವತ್ತು. ಅಂದ್ರೆ ನಾಳೆ. ಅಲ್ಲ, ನಾಳೆಗೆ ಇವತ್ತು… ತಡೀರಿ."

"ನಾನೂ ಬೆಳಿಗ್ಗೆಯಿಂದ ತಡೀತಾನೇ ಇದ್ದೀನಿ," ಎಂದಳು ಅವಳು. "ನನ್ನ ತಪ್ಪೇ. ಬೆನ್ನಿನ ಮೇಲಿನ ತಾರೀಖು ತೆಗೆಸಿದ್ದು ನಾನು. ಪ್ರೂಫಿನಲ್ಲಿ ಎರಡೂ ಪಕ್ಕಪಕ್ಕ ಇರತ್ತೆ, ಹರಿದು ನೋಡ್ಬೇಕು ಅಂತ ನಂಗೆ ತೋಚಲೇ ಇಲ್ಲ. ಇಷ್ಟು ವರ್ಷ ಊರೆಲ್ಲ ಒಂದು ದಿನ ತಡವಾಗಿ ಓದಿದೆ. ಆದ್ರೆ ಓದಿದೆ. ಅಲ್ಲಿ ಶಾಲೆ ಹಲಗೆ ಮೇಲೂ ಪೆನ್ನೇ ಇದೆ, ಹೋಗಿ ನೋಡಿ."

ಮೊದಲು ನಕ್ಕವರು ಯಜಮಾನರು. ನಗು ಶುರುವಾದದ್ದು ಭುಜದಲ್ಲಿ, ಆಮೇಲೆ ಹೊಟ್ಟೆ, ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಯ್ಯೋ ನಿನ್ನ! ಚಂದ್ರನ ಮೇಲೆ ಇಳಿದಿದ್ದು ಜುಲೈ ಇಪ್ಪತ್ತೊಂದು ಅಂತ ವಾಕಿಂಗಿನ ರಿಟೈರ್ಡ್ ಇಂಜಿನಿಯರ್ ಹತ್ರ ಪಂಥ ಕಟ್ಟಿದ್ದೆ. ನಮ್ಮ ಕ್ಯಾಲೆಂಡರ್ ಸುಳ್ಳು ಹೇಳಲ್ಲ ಅಂತ ಎದೆ ತಟ್ಕೊಂಡು. ಸೋತು ಇಡೀ ಗುಂಪಿಗೆ ಕಾಫಿ ಕುಡಿಸ್ದೆ."

"ಹಾಗಾದ್ರೆ ಇಷ್ಟು ವರ್ಷದ ತಪ್ಪು," ಎಂದ ಅಳಿಯ. ಅವನಿನ್ನೂ ಹಾಳೆ ಹಿಡಿದು ನಿಂತಿದ್ದ. "ಇದಕ್ಕೇನು ಮಾಡೋದು? ತೆಗೆಯೋದು ವಾಸಿ ಅಲ್ವಾ?"

ಇಷ್ಟಕ್ಕೇ ಕಾದಿದ್ದಳೋ ಎಂಬಂತೆ ಅವಳ ಬಾಯಿಂದ ಉತ್ತರ ಬಂತು. ಬೆಳಿಗ್ಗೆಯಿಂದ ಯೋಚಿಸಿದ್ದಲ್ಲ, ಅಳಿಯನ ಎರಡು ಕೈ ಹಾಳೆ ಎಳೆದಾಗ, ಕೆಳಗಿನಿಂದ ಹೊಸ ಅಂಕಿ ಇಣುಕಿದಾಗ, ಅದು ತಾನಾಗಿ ಕಣ್ಣ ಮುಂದೆ ಬಂದು ನಿಂತಿತ್ತು. "ಒಂದು ಮನೆ ಹಿಂದಕ್ಕೆ ಸರಿಸೋಣ. ಹತ್ತರ ಬೆನ್ನಿಗೆ ಹನ್ನೊಂದರದ್ದು, ಹನ್ನೊಂದರ ಬೆನ್ನಿಗೆ ಹನ್ನೆರಡರದ್ದು. ಬೆಳಿಗ್ಗೆ ಎದ್ದು ಹರಿದ್ರೆ ಕೈಯಲ್ಲಿ ಇವತ್ತಿಂದೇ ಇರತ್ತೆ. ಗೋಡೆ ಮೇಲೆ ಇವತ್ತಿನ ಅಂಕಿ, ಕೈಯಲ್ಲಿ ಇವತ್ತಿನ ಕಥೆ. ಜನವರಿ ಒಂದರದ್ದು ಮುಖಪುಟದ ಹಿಂದೆ ಬರತ್ತೆ. ಹೊಸ ವರ್ಷದ ದಿನ ಮೊದಲು ಹರಿಯೋದೇ ಅದನ್ನ." ಹೇಳುತ್ತಿರುವಾಗಲೇ ಮಾರ್ಚ್ ನೆನಪಾಯಿತು. ಇನ್ನು ಮೇಲೆ ಮೂವತ್ತರ ಬೆಳಿಗ್ಗೆಯೇ ಅತ್ತೆ ಪೆನ್ಸಿಲ್ಲಿನ ರಬ್ಬರನ್ನು ಓದುತ್ತಾರೆ, ಅಪ್ಪನ ದಿನದಲ್ಲಿ ಅದೂ ಬಂದು ಕೂರುತ್ತದೆ. ಕೂರಲಿ. ಜಾಗ ಬಿಟ್ಟುಕೊಡುವುದರಲ್ಲಿ ಅಪ್ಪ ಎಂದೂ ಹಿಂದೆ ಬಿದ್ದವನಲ್ಲ, ಬಸ್ಸಿನಲ್ಲಿ ಎಂಥವರಿಗೂ ಎದ್ದು ಸೀಟು ಕೊಡುತ್ತಿದ್ದ. ಇಷ್ಟು ದಿನ ಕಾಡಿದ ಆ ಗಳಿಗೆ ಈ ಜನರ ನಡುವೆ ನಿಂತು ನೆನೆದರೆ ಅಷ್ಟೇನೂ ಘೋರವಾಗಿ ಕಾಣಲಿಲ್ಲ.

ಮೆಷಿನ್ ಮಾವ ಸ್ಟೂಲಿನಿಂದ ಆಗಲೇ ಎದ್ದಿದ್ದ. "ಹಿಂಬದಿಯ ಅಚ್ಚಿನ ಪ್ಲೇಟು ಒಂದೊಂದು ಮನೆ ಸರಿಸಿದ್ರಾಯ್ತು. ಅದೇನು ಬ್ರಹ್ಮವಿದ್ಯೆಯಲ್ಲ. ಕಟ್ಟುವಾಗ ಗೋಂದಮ್ಮ ಮಾತ್ರ ಗಾಬರಿ ಆಗ್ಬಾರದು, ಮುಂದೊಂದು ದಿನ ಹಿಂದೊಂದು ದಿನ ಅಂತ."

"ನಾನು ಮುಖ ನೋಡಿ ಜೋಡಿಸೋದು, ಬೆನ್ನು ನೋಡಿ ಅಲ್ಲ," ಎಂದಳು ಗೋಂದಮ್ಮ.

ಅಳಿಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದ. ಅವನ ಮುಖದಲ್ಲಿ ಏನೋ ಲೆಕ್ಕ ಓಡುತ್ತಿತ್ತು, ಆದರೆ ಅದು ಬೆಳಗಿನ ಲೆಕ್ಕವಲ್ಲ. "ಅಕ್ಕ, ಹಾಗೆ ಮಾಡಿದ್ರೆ ಜನ ದಿನಾ ಹರೀತಾರೆ. ಇವತ್ತಿನ ಸಂಗತಿ ಬೇಕು ಅಂದ್ರೆ ಇವತ್ತೇ ಹರೀಬೇಕಲ್ಲ? ಇವರ ಹಾಗೆ ಶಿಖರದ ಮೇಲೆ ಕೂತ್ಕೊಳ್ಳೋ ಹಾಗಿಲ್ಲ." ಲೆಕ್ಕದವರು ಸಂಕೋಚದಿಂದ ನಕ್ಕರು. "ದಿನಾ ಹರಿದ್ರೆ ದಿನಾ ಮುಖ ನೋಡ್ತಾರೆ. ಮುಲಾಮನ್ನ ಮುಖದ ಕೆಳಗೆ ಒಂದು ಪಟ್ಟಿಯಲ್ಲಿ ಹಾಕಿದ್ರೆ ಮುಲಾಮಿನವರೂ ಖುಷಿ. ಮಾವ, ಏನಂತೀರಿ?"

"ಏನನ್ನೋದು?" ಎಂದರು ಯಜಮಾನರು. "ಬೆನ್ನು ತಾರೀಖಕ್ಕಂದು. ಯಾರೂ ಮುಟ್ಟೋ ಹಾಗಿಲ್ಲ. ನಾನಿರೋ ತನಕ ಅಲ್ಲ, ಪ್ರೆಸ್ ಇರೋ ತನಕ. ಬರೆದಿಟ್ಕೋ ಅಳಿಯ." ಆಮೇಲೆ ದನಿ ತಗ್ಗಿಸಿ, ಕನ್ನಡಕ ಹಾಕಿಕೊಳ್ಳುತ್ತ ಅವಳಿಗೆ ಮಾತ್ರ ಎಂಬಂತೆ, "ಹೋದ ವಾರ ನಾನು ಮಾತಾಡ್ಬೇಕಿತ್ತು, ಆಡ್ಲಿಲ್ಲ," ಎಂದರು. ಅವಳ ಹೊಟ್ಟೆ ತಣ್ಣಗಾಯಿತು. ಬೆಳಿಗ್ಗೆಯ ಹಾಗೆ ಕೂರಬೇಕೆನಿಸಲಿಲ್ಲ.

ಮೆಷಿನ್ ಮಾವ ಅಳಿಯನ ಮಡಿಲಿನಿಂದ ಜಾರಿ ಬಿದ್ದಿದ್ದ ಜೂನ್ ಪ್ರೂಫನ್ನು ಎತ್ತಿ ಮೇಜಿನ ಮೇಲೆ ಹರಡಿದ. "ಅಕ್ಕ, ಇವತ್ತಿನ ಮನೇಲಿ ಹಡಗು ತೆಗೀರಿ. ಇವತ್ತು ಆಗಿದ್ದು ಹಾಕಿ."

"ಇವತ್ತು ಏನಾಯ್ತು?" ಎಂದಳು ಅವಳು, ನಿಜವಾಗಿಯೂ ಅರ್ಥವಾಗದೆ.

"ಏನಾಯ್ತಾ? ಕ್ಯಾಲೆಂಡರ್ ನೆಟ್ಟಗಾಯ್ತು. ಪಿನ್ನು ಮಾಡಿದೋರು, ಜಿಪ್ಪು ಮಾಡಿದೋರು ಎಲ್ಲರದ್ದೂ ಅಚ್ಚು ಹಾಕಿದ್ದೀನಿ. ನಮ್ಮನೆದೂ ಒಂದು ಹಾಕ್ತೀನಿ."

"ಅದೆಲ್ಲ ಆಗಲ್ಲ ಮಾವ. ಸಾಕ್ಷಿ ಇಲ್ಲದ್ದನ್ನ ನಾನು ಇವತ್ತಿನವರೆಗೆ ಒಂದು ಸಾಲೂ ಬರೆದಿಲ್ಲ."

ಗೋಂದಮ್ಮ ಸುಲಿದ ಬೆರಳಿನ ಕೈ ಎತ್ತಿದಳು. ಮೆಷಿನ್ ಮಾವ ಇಂಕಿನ ಕೈ ಎತ್ತಿದ. ಯಜಮಾನರು, ಅವರ ಹಿಂದೆಯೇ ಅಳಿಯ, ಇನ್ನೊಂದು ಕೈಯಲ್ಲಿ ಹಾಳೆ ಹಿಡಿದುಕೊಂಡೇ. ಕೊನೆಗೆ ಲೆಕ್ಕದವರು, "ನಮ್ಮನೇಲಿ ಇನ್ನೂ ಮೇ ತಿಂಗಳು, ಆದ್ರೂ ನಾನೂ ನೋಡಿದ್ದೀನಿ," ಎಂದು ಎತ್ತಿದರು. ಐದು ಕೈ. ಎಷ್ಟೋ ಶತಮಾನದ ಎಷ್ಟೋ ಸಂಗತಿಗಳಿಗೆ ಇಷ್ಟು ಸಾಕ್ಷಿಯೂ ಅವಳಿಗೆ ಸಿಕ್ಕಿರಲಿಲ್ಲ.

ಅವಳು ಮೇಜಿಗೆ ಬಾಗಿ ಹಡಗಿನ ಮೇಲೆ ಗೆರೆ ಎಳೆದಳು. ಮಾರ್ಜಿನಿನಲ್ಲಿ ಬರೆಯತೊಡಗಿದಳು: ದಿನ ಹರಿಯುವ ಈ ಕ್ಯಾಲೆಂಡರಿನಲ್ಲಿ ಬೆನ್ನಿನ ಸಂಗತಿಯನ್ನು ಒಂದು ಹಾಳೆ ಹಿಂದಕ್ಕೆ ಸರಿಸಿ, ಓದುವವರಿಗೆ ಅಂದಿನ ದಿನ ಅಂದೇ ಸಿಗುವ ಹಾಗೆ ಮಾಡಲಾಯಿತು. ಎರಡೂವರೆ ಸಾಲು. ಪೆನ್ನು ಎತ್ತಿದಳು.

"ಮಾಡಲಾಯಿತು ಅಂದ್ರೆ? ಯಾರು ಮಾಡಿದ್ದು?" ಎಂದ ಮೆಷಿನ್ ಮಾವ, ಅವಳ ಭುಜದ ಮೇಲಿಂದ ಇಣುಕುತ್ತ. "ಬೇರೆಯವರದ್ದಾದ್ರೆ ಅಪ್ಪನ ಹೆಸರಿನ ಸಮೇತ ಹುಡುಕಿ ಹಾಕ್ತೀರಿ."

ಪ್ರಪಂಚದ ಎಷ್ಟು ಹೆಸರುಗಳನ್ನು ಕಾಗುಣಿತ ತಪ್ಪದ ಹಾಗೆ ಬರೆದ ಕೈ, ಈ ಒಂದು ಹೆಸರಿಗೆ ಮಾತ್ರ ಹೊಸದಾಗಿ ಕಲಿಯುವವರ ಕೈಯಂತೆ ತಡವರಿಸಿತು. ಆಮೇಲೆ ಬರೆದಳು. ಮುಂದೆ ಅಪ್ಪನ ಹೆಸರು, ಹಿಂದೆ ತನ್ನ ಹೆಸರು, ಎರಡೂ ಪೂರ್ತಿಯಾಗಿ, ಉಳಿದ ಒಂದೂವರೆ ಸಾಲು ತುಂಬುವಷ್ಟು ದೊಡ್ಡದಾಗಿ ಬರೆದಳು. ಅವಳು ಮನಸ್ಸು ಬದಲಾಯಿಸುವ ಮೊದಲೇ ಮೆಷಿನ್ ಮಾವ ಪ್ರೂಫನ್ನು ಅವಳ ಕೈಯಡಿಯಿಂದ ಕಿತ್ತುಕೊಂಡು ಪ್ಲೇಟಿನ ಕೋಣೆಯ ಕಡೆ ಹೊರಟುಬಿಟ್ಟ.